ಸೈಕಲ್ ದಾರಿಯಲ್ಲಿ ಕೂತ ಪಾಂಡವರು

ಪುಣೆಯ ದೊಡ್ಡ ರಸ್ತೆಯ ಮಗ್ಗುಲಿಗೆ ಸೈಕಲ್ಲಿಗೆಂದೇ ಒಂದು ದಾರಿ ಬೇಕು ಎಂದು ತೀರ್ಮಾನವಾದ ಕೋಣೆಯಲ್ಲಿ ಹದಿಮೂರು ಜನ ಕೂತಿದ್ದರಂತೆ. ಹನ್ನೊಂದು ಜನ ಅವರವರ ಕಾರಿನಲ್ಲಿ ಬಂದಿದ್ದರು. ಉಳಿದ ಇಬ್ಬರು ಆ ಹನ್ನೊಂದು ಕಾರುಗಳಲ್ಲೇ ಎಲ್ಲೋ ಜಾಗ ಮಾಡಿಕೊಂಡು ಬಂದಿದ್ದರು. ಸೈಕಲ್ ತುಳಿಯುತ್ತಿದ್ದವನು ಕಾಶಪ್ಪ. ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದ, ಆ ಮಾತು ಬೇರೆ.

ಕಾಶಪ್ಪ ಶಹಾಪುರದ ಕಡೆಯವನು. ತೊಂಬತ್ಮೂರರಲ್ಲಿ ಹೆಂಡತಿ ಅನುಸೂಯಾಳನ್ನೂ ಕಂಕುಳಲ್ಲಿದ್ದ ಹೆಣ್ಣುಕೂಸನ್ನೂ ಕರೆದುಕೊಂಡು ಗಂಟುಮೂಟೆಯೊಂದಿಗೆ ಹೊರಟ. ಮೊದಲು ಕೆಲವು ತಿಂಗಳು ಬಾರಾಮತಿಯಲ್ಲಿ ಕಬ್ಬಿನ ಲಾರಿ ಓಡಾಡುವ ರಸ್ತೆಗೆ ಜಲ್ಲಿ ಹಾಸಿದ. ಆಮೇಲೆ ಪುಣೆಗೆ ಬಂದು ಬಿಬವೇವಾಡಿಯ ಮೇಲಿನ ಗುಡ್ಡದ ಓರೆಯಲ್ಲಿ ತಗಡಿನ ಮನೆ ಮಾಡಿದ. ಕೆಲಸಕ್ಕೆ ಹೋಗಲು ಹಳೆಯ ಸೈಕಲ್ ಒಂದನ್ನು ಕೊಂಡ. ಆ ಕಾಲದ ಪುಣೆಯ ಬೆಳಗು ಎಂದರೆ ಸೈಕಲ್ ಗಂಟೆಯ ಬೆಳಗು. ಕಾರ್ಖಾನೆಗೆ ಹೋಗುವವರು, ಮೇಷ್ಟ್ರು, ಗುಮಾಸ್ತರು, ಕಾಲೇಜು ಹುಡುಗಿಯರು, ಎಲ್ಲರೂ ಎರಡು ಗಾಲಿಯ ಮೇಲೆ. ಕಾಶಪ್ಪನ ಸೈಕಲ್ ಆ ಹೊಳೆಯಲ್ಲಿ ಒಂದು ಹನಿ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಳೆ ಬತ್ತಿ ಹನಿ ಮಾತ್ರ ಉಳಿಯಿತು. ಮೇಷ್ಟ್ರು ಸ್ಕೂಟರ್ ತಗೊಂಡರು, ಗುಮಾಸ್ತರು ಮೋಟರ್ ಸೈಕಲ್ ತಗೊಂಡರು, ಅವರ ಮಕ್ಕಳು ಕಾರು ತಗೊಂಡರು. ಸೈಕಲ್ ಎಂದರೆ ಹಾಲು ಹಾಕುವವನು, ಪೇಪರ್ ಹಾಕುವವನು, ಕಾಶಪ್ಪ. ಎಲ್ಲರೂ ಗಾಡಿ ತಗೊಂಡ ಮೇಲೆ ಒಂದು ದಿನ ಊರಿಗೆ ಕೆಮ್ಮು ಬಂತು. ಕೆಮ್ಮು ಬಂದ ಮೇಲೆ ದೊಡ್ಡವರಿಗೆ ಗಾಳಿಯ ನೆನಪಾಯಿತು, ಮುಂದಿನ ಪೀಳಿಗೆಯ ನೆನಪಾಯಿತು. ಸೈಕಲ್ ಎಂಬುದನ್ನು ನಿನ್ನೆ ತಾವೇ ಕಂಡುಹಿಡಿದಂತೆ ಸಭೆ ಮಾಡಿ ಮಾತಾಡತೊಡಗಿದರು.

ಕಾಶಪ್ಪನಿಗೆ ಇಂಥ ಮಾತು ಕೇಳಿದರೆ ನಗುವೂ ಬರುತ್ತಿತ್ತು, ಬೈಗುಳವೂ ಬರುತ್ತಿತ್ತು. ಅವನ ಕೆಲಸ ಫುಟ್‌ಪಾತಿಗೆ ಸಿಮೆಂಟಿನ ಬಿಲ್ಲೆ ಕೂಡಿಸುವುದು. ಬಿಲ್ಲೆಯ ಕೆಳಗೆ ಎಷ್ಟು ಮರಳು ಬೇಕು, ನೀರು ಯಾವ ಕಡೆ ಹರಿಯಬೇಕು, ಇವೆಲ್ಲ ಅವನ ಅಂಗಾಲಿಗೇ ಗೊತ್ತಿತ್ತು. ಬೇರೆಯವರು ಹಾಸಿದ ಫುಟ್‌ಪಾತಿನ ಮೇಲೆ ನಡೆಯುವಾಗ ಹಲ್ಲಿನಲ್ಲಿ ಕಲ್ಲು ಸಿಕ್ಕವನಂತೆ ಮುಖ ಮಾಡುತ್ತಿದ್ದ. ಗಟ್ಟಿಯಿಲ್ಲದ ಯಾವ ಕೆಲಸಕ್ಕೂ ಅವನದು ಒಂದೇ ಹೆಸರು.

"ಮದಿವಿ ಹಂದರ. ಬೀಗರು ಊಟ ಮಾಡಿ ಏಳೋತನಕ ನಿಂತ್ರ ಸಾಕು."

ನಗರದ ಅರ್ಧಕ್ಕರ್ಧ ಅವನ ಲೆಕ್ಕದಲ್ಲಿ ಮದುವೆ ಹಂದರವೇ ಆಗಿತ್ತು. ಬಂಗಲೆಯ ಗಿಲಾವು, ಆಸ್ಪತ್ರೆಯ ಮೆಟ್ಟಿಲು, ಮಂತ್ರಿ ಬಂದು ರಿಬ್ಬನ್ ಕತ್ತರಿಸಿದ ಉದ್ಯಾನದ ಕಾರಂಜಿ. ಬಾಯಿ ಇಷ್ಟು ಹರಿತವಿದ್ದುದರಿಂದ ಎಷ್ಟೋ ಕಡೆ ಅವನಿಗೆ ಕೆಲಸ ತಪ್ಪುತ್ತಿತ್ತು. ಕೈ ಇಷ್ಟು ಚೊಕ್ಕವಿದ್ದುದರಿಂದ ಮರುವಾರ ಅವರೇ ಕರೆಯಕಳಿಸುತ್ತಿದ್ದರು.

ಕಂಕುಳಲ್ಲಿ ಬಂದ ಕೂಸು ದುರ್ಗಾ ಎರಡು ಸಾವಿರದ ಆರರಲ್ಲಿ ಹತ್ತನೇ ತರಗತಿಗೆ ಬಂದಿದ್ದಳು. ಗುಡ್ಡದ ಓರೆಯ ಆ ಸಾಲಿನಲ್ಲಿ ಅಷ್ಟು ದೂರ ಓದಿದ ಹುಡುಗಿ ಅವಳೊಬ್ಬಳೇ. ಮುಂದೆ ಕಾಲೇಜಿಗೆ ಹೋಗುತ್ತೇನೆ ಎಂದಳು. ಕಾಲೇಜು ನಾಲ್ಕು ಕಿಲೋಮೀಟರ್ ದೂರ, ಪಾಠ ಬೆಳಗ್ಗೆ ಏಳಕ್ಕೆ ಶುರು. ಆ ಹೊತ್ತಿನ ಬಸ್ಸು ಗುಡ್ಡದ ಕೆಳಗೆ ಬರುವಾಗಲೇ ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಿದ್ದರು, ಅದು ನಿಲ್ಲುತ್ತಲೇ ಇರಲಿಲ್ಲ. ಉಳಿದದ್ದು ಸೈಕಲ್. ದುರ್ಗಾ ಅಪ್ಪನ ಸೈಕಲ್ಲಿನ ಮೇಲೆ ಆಗಲೇ ಚೆನ್ನಾಗಿ ಕಲಿತಿದ್ದಳು.

ಅನುಸೂಯಾ ಒಪ್ಪಲಿಲ್ಲ. ಅವಳು ದಿನವೂ ಆ ದೊಡ್ಡ ರಸ್ತೆಯ ಬದಿಯಲ್ಲೇ ಮಣ್ಣಿನ ಪುಟ್ಟಿ ಹೊರುವವಳು. ಅಲ್ಲಿ ಲಾರಿ, ಬಸ್ಸು ಹೇಗೆ ಓಡುತ್ತವೆ ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

"ಹತ್ತನೇದು ಆದ್ಮ್ಯಾಲ ಸಾಕು. ಆ ಲಾರಿ ನಡುವ ನನ್ನ ಮಗಳ್ನ ಕಳಸಂಗಿಲ್ಲ."

"ಯವ್ವ, ಬದಿಗೆ ಹೋಗ್ತೀನಿ."

"ಬದಿ ಎಲ್ಲದ ಅಲ್ಲಿ? ಬದಿ ಮ್ಯಾಲೂ ರಿಕ್ಷಾ ಬರ್ತಾವ. ಸೈಕಲ್ಲಿಗಂತ ಬ್ಯಾರೆ ದಾರಿ ಇದ್ರ ಹೋಗು. ಇಲ್ಲಂದ್ರ ಇಲ್ಲ."

ಇಲ್ಲದ ದಾರಿಯ ಮೇಲೆ ಷರತ್ತು ಹಾಕಿದರೆ ಮಗಳು ಸುಮ್ಮನಾಗುತ್ತಾಳೆ ಎಂದು ಆ ತಾಯಿ ತಿಳಿದಿದ್ದಳು. ಹದಿನೈದು ದಿನಕ್ಕೆ ದೊಡ್ಡ ರಸ್ತೆಯ ಬದಿಯಲ್ಲಿ ಸುಣ್ಣದ ಗೆರೆ ಬಿತ್ತು. ಸೈಕಲ್ ದಾರಿಯ ಗುತ್ತಿಗೆದಾರ ಗ್ಯಾಂಗಿಗಾಗಿ ಕೂಲಿಯವರು ಸೇರುವ ಅಡ್ಡಾಕ್ಕೆ ಬಂದಾಗ ಕಾಶಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಕೂಲಿ ಎಷ್ಟು ಎಂದು ಅವನು ಕೇಳದೆ ಹೋದದ್ದು ಹುಟ್ಟಿದಂದಿನಿಂದ ಅದೊಂದೇ ಸಲ.

ಗುತ್ತಿಗೆದಾರನ ಇಂಜಿನಿಯರ್ ಸುಹಾಸ ಎಂಬ ಹುಡುಗ ಸಾಹೇಬ. ನೀಲಿ ನಕ್ಷೆ ಸುತ್ತಿಕೊಂಡು ಕಾರಿನಲ್ಲಿ ಬರುತ್ತಿದ್ದ, ಕಾರಿನ ಕಿಟಕಿಯಿಂದಲೇ ಕೆಲಸ ನೋಡುತ್ತಿದ್ದ. ಮೊದಲ ದಿನ ಮಾತ್ರ ಕೆಳಗಿಳಿದು ನಕ್ಷೆ ಹಾಸಿದ. ಗೆರೆ ನೆಟ್ಟಗಿತ್ತು. ಆ ನೆಟ್ಟಗಿನ ಗೆರೆಯ ಮೇಲೆ ವಿದ್ಯುತ್ ಕಂಬವೂ ಇತ್ತು, ಒಂದು ಬೇವಿನ ಮರವೂ ಇತ್ತು, ಬಸ್ ನಿಲ್ದಾಣವೂ ಇತ್ತು. ಕಾಶಪ್ಪ ಮರಾಠಿಯಲ್ಲಿ ಕೇಳಿದ.

"ಸಾಹೇಬ, ಈ ಕಂಬ?"

"ಕಂಬ ನಮ್ಮ ಖಾತೆಯದಲ್ಲ."

"ಸೈಕಲ್ಲಿನವನು ಏನು ಮಾಡಬೇಕು?"

"ಇಳಿದು ಪಕ್ಕಕ್ಕೆ ಹೋಗಬೇಕು."

"ಬೇವಿನ ಮರ?"

"ಇಳಿದು ಪಕ್ಕಕ್ಕೆ."

"ಬಸ್ ನಿಲ್ದಾಣ?"

ಸುಹಾಸ ನಕ್ಷೆ ಸುತ್ತಿದ. ಕಾಶಪ್ಪ ಹಿಂದೆ ತಿರುಗಿ ಗ್ಯಾಂಗಿಗೆ ಕನ್ನಡದಲ್ಲಿ, "ಸೈಕಲ್ ಮನ್ಯಾಗ ಬಿಟ್ಟು ನಡಕೋತ ಬರ್ರಿ ಅಂತ ಒಂದ ಬೋರ್ಡ್ ಹಾಕಿದ್ರ ಸಾಕಿತ್ತು, ಬಿಲ್ಲಿ ಉಳೀತಿದ್ವು" ಎಂದ. ಎಲ್ಲರೂ ನಕ್ಕರು. ಏನು ನಗು ಎಂದು ಸುಹಾಸ ಕೇಳಿದ. ನಕ್ಷೆ ಭಾಳ ಚಂದ ಇದೆ ಅಂದೆ ಎಂದ ಕಾಶಪ್ಪ. ಸಾಹೇಬನಿಗೆ ಸಂತೋಷವಾಯಿತು.

ಬೇವಿನ ಮರದಿಂದ ಶೆಟ್ಟರ ಹೋಟೆಲ್ಲಿನ ಗೇಟಿನವರೆಗೆ ನಾನೂರು ಹೆಜ್ಜೆ ಕಾಶಪ್ಪನ ಗ್ಯಾಂಗಿನ ಪಾಲಿಗೆ ಬಂತು. ಆ ನಾನೂರು ಹೆಜ್ಜೆಯಲ್ಲಿ ಅವನು ನಕ್ಷೆಯನ್ನು ಮಡಚಿ ಬದಿಗಿಟ್ಟ. ಮರಕ್ಕೆ ಬಳಸಿ ದಾರಿಯನ್ನು ಬಗ್ಗಿಸಿದ, ಬೇರಿಗೆ ನೀರು ಇಳಿಯಲೆಂದು ಸುತ್ತ ಒಂದು ಮೊಳ ಮಣ್ಣು ಬಿಟ್ಟ. ಹತ್ತುವ ಕಡೆ, ಇಳಿಯುವ ಕಡೆ ಗಾಲಿ ಕುಕ್ಕದಂತೆ ಓರೆ ಮಾಡಿದ. ಪ್ರತಿ ಸಂಜೆ ಸೈಕಲ್ಲಿನ ಕ್ಯಾರಿಯರ್ ಮೇಲೆ ತುಂಬಿದ ಚೊಂಬನ್ನಿಟ್ಟು ಆ ದಿನದ ಹಾಸಿನ ಮೇಲೆ ತುಳಿಯುತ್ತಿದ್ದ. ನೀರು ತುಳುಕಿದ ಕಡೆ ಮರುದಿನ ಬಿಲ್ಲೆ ಕಿತ್ತು ಮತ್ತೆ ಕೂಡಿಸುತ್ತಿದ್ದ. ಗ್ಯಾಂಗಿನವರು ಗೊಣಗಿದರೆ, "ಇದರ ಮ್ಯಾಲೆ ಸಾಹೇಬನ ಮಗಳು ಹೋಗಂಗಿಲ್ಲ, ನನ್ನ ಮಗಳು ಹೋಗ್ತಾಳ" ಎನ್ನುತ್ತಿದ್ದ. ದಾರಿ ಬಾಗಿದ್ದು ಸುಹಾಸನ ಕಣ್ಣಿಗೆ ಕೊನೆಯವರೆಗೂ ಬೀಳಲಿಲ್ಲ. ಕಾರಿನ ಕಿಟಕಿಯಿಂದ ಎಲ್ಲ ದಾರಿಯೂ ನೆಟ್ಟಗೇ ಕಾಣುತ್ತದೆ.

ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಮುಗಿದ ಮರುದಿನವೇ ಎಳ್ಳಮಾಸಿ ಬಂತು. ಕಥೆ ಕೆಟ್ಟದ್ದು ಅಲ್ಲಿಯೇ, ಕೆಡಿಸಿದವನು ಸಾಹೇಬನಲ್ಲ, ಹೋಟೆಲ್ಲಿನ ಶೆಟ್ಟನಲ್ಲ, ಸ್ವತಃ ಕಾಶಪ್ಪ.

ಎಳ್ಳ ಅಮಾವಾಸ್ಯೆಯ ದಿನ ಆ ಕಡೆಯ ಜನ ಎತ್ತಿನ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಗುಡಿಸಲು ಮಾಡಿ, ಹೊಲದಲ್ಲೇ ಸಿಕ್ಕ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂಡಿಸಿ ಪೂಜೆ ಮಾಡುತ್ತಾರೆ. ಬುತ್ತಿಯ ಮೊದಲ ತುತ್ತನ್ನು ಭೂಮಿಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಅನುಸೂಯಾಳ ತಾಯಿ ಯಂಕವ್ವ ಮಗಳ ಬೆನ್ನಿಗೇ ಬಂದು ಹದಿಮೂರು ವರ್ಷ ಪುಣೆಯಲ್ಲಿ ಪುಟ್ಟಿ ಹೊತ್ತು, ಸೊಂಟ ಬಿದ್ದು ಆ ವರ್ಷ ಮನೆಯಲ್ಲಿ ಕೂತಿದ್ದಳು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಶುರುಮಾಡಿದಳು.

"ಈ ಸಲ ಚರಗ ಚೆಲ್ಲಬೇಕು."

"ಹೊಲ ಎಲ್ಲದ ಅತ್ತಿ ನಮಗ?" ಎಂದ ಕಾಶಪ್ಪ.

"ನೀ ಮಾಡಿದ್ದ ನೆಲ ಇಲ್ಲೇನು? ಸೈಕಲ್ಲಿನ ನೆಲ."

"ಅದರಾಗ ಏನ್ ಬೆಳೀತದ?"

"ನಿನ್ನ ಬಾಯಾಗರ ಏನ್ ಬೆಳೀತದ, ಮುಳ್ಳು. ದಿನಾ ನಿನಗ ಉಣ್ಣಾಕ ಹಾಕಂಗಿಲ್ಲೇನು ನನ್ನ ಮಗಳು?"

ಮರುದಿನ ಮಾರುಕಟ್ಟೆಯಿಂದ ಐದು ಜೋಳದ ದಂಟು ಬಂದವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಬಂದವು. ಶೆಟ್ಟರ ಹೋಟೆಲ್ಲಿನ ಎದುರಿಗೆ, ಗ್ಯಾಂಗಿನ ಪಾಲು ಮುಗಿಯುವ ತುದಿಯಲ್ಲಿ, ಯಂಕವ್ವ ಐದು ಕಲ್ಲು ಸಾಲಾಗಿ ಇಟ್ಟಳು. ಬಸ್ಸು ಹೋದಾಗಲೆಲ್ಲ ಅದರ ರಭಸಕ್ಕೆ ದಂಟು ಬೀಳುತ್ತಿತ್ತು, ಸಣ್ಣ ಕಲ್ಲು ಹೊರಳುತ್ತಿತ್ತು. ಕಾಶಪ್ಪ ಎರಡು ಸಲ ನೋಡಿದ, ಮೂರನೆಯ ಸಲಕ್ಕೆ ಅವನ ಕೈ ತಡೆಯಲಿಲ್ಲ. ಎಂಥ ಕೆಲಸವೇ ಆಗಲಿ, ಅಲುಗಾಡುವುದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ. ನಾಲ್ಕು ಬಿಲ್ಲೆ ಎಬ್ಬಿಸಿದ, ಗೇಣುದ್ದ ಕೊರೆದ, ಉಳಿದಿದ್ದ ಸಿಮೆಂಟು ಕಲಸಿ ಐದು ಕಲ್ಲನ್ನೂ ಕರಣಿಯಿಂದ ತಟ್ಟಿ ತಟ್ಟಿ ಕೂಡಿಸಿದ. ಒಂದು ದಿನದ ಪಾಂಡವರಿಗೆ ಮೂವತ್ತು ವರ್ಷದ ಬುನಾದಿ.

ಯಂಕವ್ವ ಚರಗ ಚೆಲ್ಲಿದಳು. ಹನ್ನೆರಡು ಜನ ಸೈಕಲ್ ದಾರಿಯ ಮೇಲೆ ಸಾಲಾಗಿ ಕೂತು ಹೋಳಿಗೆ ಉಂಡರು. ಮರುದಿನ ಗುತ್ತಿಗೆದಾರ ಗ್ಯಾಂಗನ್ನು ಸಾಸವಡಕ್ಕೆ ಕರೆದೊಯ್ದ. ಪಂಢರಪುರಕ್ಕೆ ಹೋಗುವ ಪಾಲಕಿ ಬರುವಷ್ಟರಲ್ಲಿ ಅಲ್ಲಿ ಫುಟ್‌ಪಾತ್ ಆಗಬೇಕಿತ್ತು. ಗಂಡಹೆಂಡತಿ ಇಬ್ಬರೂ ಹೋದರು. ದುರ್ಗಾ ಅಜ್ಜಿಯ ಜೊತೆ ಉಳಿದು ಓದಿದಳು. ಹದಿನೈದು ದಿನಕ್ಕೊಮ್ಮೆ ಕತ್ತಲಾದ ಮೇಲೆ ಬಂದು ಬೆಳಗಾಗುವ ಮೊದಲು ಹೋಗುವ ಕಾಶಪ್ಪ, "ಅತ್ತಿ ಎಲ್ಲಿ ಹೋಗ್ಯಾಳ" ಎಂದರೆ ದುರ್ಗಾ ಪುಸ್ತಕದಿಂದ ತಲೆಯೆತ್ತದೆ, "ಗುಡಿಗೆ" ಎನ್ನುತ್ತಿದ್ದಳು. ವಯಸ್ಸಾಯಿತು, ಗುಡಿಗೆ ಹೋಗುತ್ತಾಳೆ, ಹೋಗಲಿ ಎಂದುಕೊಂಡ. ಯಾವ ಗುಡಿ ಎಂದು ಕೇಳಲಿಲ್ಲ.

ಜೂನ್ ಐದರ ಬೆಳಗ್ಗೆ ಗೊತ್ತಾಯಿತು. ಸಾಸವಡದ ಕೆಲಸ ಮುಗಿಸಿ ಬಂದವನು ಬೇರೆ ಕೆಲಸಕ್ಕೆಂದು ಸೈಕಲ್ ಹತ್ತಿ ಗುಡ್ಡ ಇಳಿದ. ದೊಡ್ಡ ರಸ್ತೆಯಲ್ಲಿ ಪೊಲೀಸನೊಬ್ಬ ಕೋಲು ಅಡ್ಡ ಹಿಡಿದ.

"ಸೈಕಲ್ ಬದಿಗೆ ತಗೋ."

"ಯಾಕ್ರಿ ಸಾಹೇಬ?"

"ಸೈಕಲ್ ಮೆರವಣಿಗೆ ಬರ್ತಾ ಇದೆ."

ಪರಿಸರ ದಿನವಂತೆ. ಸೈಕಲ್ಲನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದವರು ಅವನ್ನು ಇಳಿಸಿ, ಹೆಲ್ಮೆಟ್ ಹಾಕಿ, ಒಂದೇ ಬಣ್ಣದ ಅಂಗಿ ತೊಟ್ಟು ರಸ್ತೆಯ ನಟ್ಟನಡುವೆ ತುಳಿದರು. ಸೈಕಲ್ ದಾರಿಯ ಉದ್ಘಾಟನೆಗೆ ಬಂದವರು ಸೈಕಲ್ ದಾರಿಯ ಮೇಲೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಶೆಟ್ಟರ ಹೋಟೆಲ್ಲಿನ ಎದುರು ದಾರಿಯ ಮೇಲೊಂದು ತಗಡಿನ ಚಪ್ಪರ ಎದ್ದಿತ್ತು. ಚಪ್ಪರದೊಳಗೆ ಐದು ಕಲ್ಲು ಕೇಸರಿ ಬಣ್ಣ ಹಚ್ಚಿಸಿಕೊಂಡು, ಬೆಳ್ಳಿಯ ಕಣ್ಣು ಅಂಟಿಸಿಕೊಂಡು ಕೂತಿದ್ದವು. ಗಂಟೆ ತೂಗುತ್ತಿತ್ತು. ಚಪ್ಪರದ ಹಿಂದೆ, ದೇವರ ಬೆನ್ನಿಗೆ, ಹೋಟೆಲ್ಲಿನ ಗಿರಾಕಿಗಳ ಇಪ್ಪತ್ತೈದು ಮೋಟರ್ ಸೈಕಲ್ಲುಗಳು ಉದ್ದಕ್ಕೆ ಚಾಚಿದ ತಗಡಿನ ನೆರಳಿನಲ್ಲಿ ನಿಂತಿದ್ದವು. ಮೆರವಣಿಗೆಯವರು ಇಳಿದು ಕೈಮುಗಿದರು, ಫೋಟೋ ತೆಗೆಸಿಕೊಂಡರು, ಶೆಟ್ಟರಲ್ಲಿ ಮಸಾಲೆ ದೋಸೆ ತಿಂದರು. ಪ್ರತಿಯೊಬ್ಬರೂ ಸೈಕಲ್ ತುಳಿಯಬೇಕು ಎಂದು ಒಬ್ಬರು ಮೈಕಿನಲ್ಲಿ ಹೇಳಿದರು. ಆಮೇಲೆ ಸೈಕಲ್ಲುಗಳನ್ನು ಕಾರಿನ ತಲೆಗೇರಿಸಿ ಮನೆಗೆ ಹೋದರು.

ಚಪ್ಪರದ ಬಾಯಲ್ಲಿ ಹಸಿರು ಸೀರೆಯುಟ್ಟ ಮುದುಕಿಯೊಬ್ಬಳು ತೆಂಗಿನಕಾಯಿ ಹೋಳು ಹಂಚುತ್ತ ಕೂತಿದ್ದಳು. ಕಾಶಪ್ಪ ಬಗ್ಗಿ ನೋಡಿದ. ಅವನ ಅತ್ತೆ.

ಅವನು ನೇರ ಹೋಟೆಲ್ಲಿನ ಗಲ್ಲೆಗೆ ಹೋದ. ಸದಾನಂದ ಶೆಟ್ಟರು ಕುಂದಾಪುರದ ಕಡೆಯವರು, ಬಿಳಿ ಅಂಗಿಯವರು, ಯಾರಿಗೂ ದನಿ ಎತ್ತದವರು.

"ಶೆಟ್ರ, ಏನ್ರಿ ಇದು?"

"ಎಂತ ಅಂದ್ರೆ? ದೇವಸ್ಥಾನ ಮಾರಾಯ. ನೀವೇ ಪ್ರತಿಷ್ಠೆ ಮಾಡಿದ್ದಲ್ಲವಾ? ನಾನು ಬರೇ ನೆರಳು ಮಾಡಿದ್ದು. ದೇವರು ಬಿಸಿಲಲ್ಲಿ ಕೂತದ್ದು ನೋಡಿ ನನ್ನ ಹೊಟ್ಟೆ ಒಳಗೆ ಎಂತದೋ ಆಯ್ತು."

"ನಿಮ್ಮ ಹೊಟ್ಟಿ ಒಳಗ ಆಗಿದ್ದು ದೇವ್ರು ಬಿಸಲಾಗ ಕುಂತಿದ್ದಕ್ಕಲ್ರಿ, ಗಿರಾಕಿ ಗಾಡಿ ಬಿಸಲಾಗ ನಿಂತಿದ್ದಕ್ಕ."

ಶೆಟ್ಟರು ನಕ್ಕರು. "ನಿನಗೆ ಬಾಯಿ ಜೋರುಂಟು. ಕೂತ್ಕೋ, ಚಾ ಕುಡಿ. ನೀನೂ ಕನ್ನಡದವ, ನಾನೂ ಕನ್ನಡದವ. ನಾವು ನಾವೇ ಜಗಳ ಮಾಡಿದ್ರೆ ನೋಡುವವರು ಎಂತ ಹೇಳ್ತಾರೆ?"

"ಹದಿಮೂರು ವರ್ಷ ನಿಮ್ಮ ಹೋಟೆಲ್ ಮುಂದಿಂದ ಹೊಂಟೀನ್ರಿ. ಇವತ್ತ ಕನ್ನಡದವ ಆದ್ನೇನು? ಆ ದಾರಿ ಸೈಕಲ್ಲಿಂದು. ಚಪ್ಪರ ತಗೀರಿ."

"ನಾನು ಹೇಗೆ ತೆಗೆಯುವುದು? ದೇವರದ್ದು ಅಲ್ಲವಾ? ಭಕ್ತರು ಬಿಡ್ತಾರಾ? ನಿಮ್ಮ ಅಜ್ಜಿಯೇ ಬಿಡುವುದಿಲ್ಲ ನೋಡು."

ಕಾಶಪ್ಪ ಚಹಾ ಮುಟ್ಟದೆ ಎದ್ದ. ಮರುದಿನ ಸುಹಾಸನನ್ನು ಹುಡುಕಿಕೊಂಡು ಹೋದ. ಸುಹಾಸ ಕಾರಿನ ಗಾಜು ಅರ್ಧ ಇಳಿಸಿದ.

"ದೇವರ ವಿಷಯ, ಮುಟ್ಟುವ ಹಾಗಿಲ್ಲ. ಬೇಕಾದರೆ ಅಲ್ಲಿ ದಾರಿಯನ್ನು ಬಗ್ಗಿಸಬಹುದು. ಅದಕ್ಕೆ ಹೊಸ ನಕ್ಷೆ ಆಗಬೇಕು."

"ಯಾವಾಗ ಆಗ್ತದ ಸಾಹೇಬ?"

"ಮುಂದಿನ ಬಜೆಟ್ಟಿನಲ್ಲಿ ನೋಡೋಣ."

"ಬೇವಿನ ಮರಕ್ಕ ಬಗ್ಗಲಿಲ್ಲ ನಿಮ್ಮ ನಕ್ಷೆ, ಕಂಬಕ್ಕ ಬಗ್ಗಲಿಲ್ಲ. ಶೆಟ್ಟರ ಗಾಡಿ ಸಾಲಿಗೆ ಬಗ್ತದ" ಎಂದ ಕಾಶಪ್ಪ. ಈ ಸಲ ಅದನ್ನು ಮರಾಠಿಯಲ್ಲೇ ಹೇಳಿದ. ಗಾಜು ಮೇಲೇರಿತು. ಗುತ್ತಿಗೆದಾರನ ಮುಂದಿನ ಕೆಲಸಕ್ಕೆ ಅವನನ್ನು ಯಾರೂ ಕರೆಯಲಿಲ್ಲ.

ಮಳೆ ಹಿಡಿಯಿತು. ದುರ್ಗಾ ಪಾಸಾದಳು, ಕಾಲೇಜಿನಲ್ಲಿ ಹೆಸರೂ ಹತ್ತಿತು. ಆಗಸ್ಟಿನ ಮೊದಲ ಸೋಮವಾರ ಪಾಠ ಶುರುವೆಂದು ಚೀಟಿ ಬಂತು. ಅನುಸೂಯಾ ಗುಡ್ಡ ಇಳಿದು ಹೋಗಿ ದಾರಿ ನೋಡಿ ಬಂದಳು.

"ದಾರಿ ಅಂತಿದ್ದಿ. ದೇವ್ರು ಕುಂತಾನ. ದೇವ್ರ ಹಿಂದ ಗಾಡಿ ಕುಂತಾವ. ಅಲ್ಲಿಂದ ಹುಡುಗಿ ಲಾರಿ ನಡುವ ಇಳೀಬೇಕು. ನಾ ಅಂದದ್ದು ಏನು?"

"ಅಷ್ಟ ಜಾಗದಾಗ ಇಳದ ಹೋಗ್ತೀನಿ ಯವ್ವ" ಎಂದಳು ದುರ್ಗಾ.

"ನನ್ನ ಹೆಣದ ಮ್ಯಾಲೆ ಹೋಗು."

ಶೆಟ್ಟರ ಗೇಟಿನ ಹತ್ತಿರ ರಸ್ತೆ ತಿರುಗುತ್ತಿತ್ತು. ಬಸ್ಸುಗಳು ಅಲ್ಲೇ ಬದಿಗೆ ಒತ್ತುತ್ತಿದ್ದವು. ಅನುಸೂಯಾ ಹೆದರಿದ್ದರಲ್ಲಿ ಸುಳ್ಳಿರಲಿಲ್ಲ. ದುರ್ಗಾ ಅಪ್ಪನನ್ನು ನೋಡಿ, "ಆ ಕಲ್ಲಿಗೆ ಸಿಮೆಂಟ್ ಹಾಕು ಅಂತ ನಿನಗ ಯಾರ್ ಹೇಳಿದ್ರಪ್ಪ?" ಎಂದಳು. ಜಗತ್ತನ್ನೆಲ್ಲ ಹಳಿಯುತ್ತಿದ್ದವನು ಮೂಲೆಯಲ್ಲಿದ್ದ ಕರಣಿ ಎತ್ತಿಕೊಂಡು ಅದಕ್ಕಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದ.

ಶನಿವಾರ ಮಧ್ಯಾಹ್ನ ಅವನು ಅತ್ತೆಯ ಪಕ್ಕ ಕೂತ.

"ಅತ್ತಿ, ಊರಾಗ ಎಳ್ಳಮಾಸಿ ಮರುದಿನ ಆ ಕಲ್ಲ ಏನ್ ಮಾಡ್ತಿದ್ದಿ?"

"ಏನ್ ಮಾಡ್ತಾರ? ಬದುವಿಗೆ ಒಗೀತಿದ್ದೆ. ಹರಗಾಕ ಅಡ್ಡ ಬರ್ತಾವ."

"ಮತ್ತ ಇಲ್ಲಿ ಯಾಕ ಒಗೀಲಿಲ್ಲ?"

"ನೀ ಒಗ್ಯಾಕ ಬರೋಹಂಗ ಇಟ್ಟಿದ್ದೇನು?" ಎಂದು ಯಂಕವ್ವ ಮೊದಲು ಅವನನ್ನೇ ಚುಚ್ಚಿದಳು. ಆಮೇಲೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಹದಿಮೂರು ವರ್ಷ ಈ ಊರಾಗ ಮಣ್ಣ ಹೊತ್ತೆ. ಒಬ್ಬರ ನನ್ನ ಹೆಸರ ಕೇಳಿಲ್ಲ. ಏ ಬಾಯಿ, ಇಕಡೆ ಯೇ ಅಂತ ಕರೀತಿದ್ರು, ಅಷ್ಟ. ಈಗ ಪ್ಯಾಂಟ್ ಹಾಕ್ಕೊಂಡ ಹೆಣ್ಮಕ್ಕಳು ಬಂದು ಆಜಿ ಅಂತ ಕಾಲ ಮುಟ್ತಾರ."

"ಕಲ್ಲಿನ ಕಾಲ ಸಿಗವಲ್ವು, ಅದಕ್ಕ ನಿನ್ನ ಕಾಲ ಮುಟ್ತಾರ."

"ಗೊತ್ತದ ಸುಮ್ಮನಿರು. ನಾ ಏನ್ ಹುಚ್ಚಿ ಅಲ್ಲ."

"ದುರ್ಗಾ ಸೋಮವಾರ ಹೋಗಬೇಕು ಅತ್ತಿ."

ಯಂಕವ್ವ ಎಲೆ ಅಡಿಕೆ ಚೀಲ ಬಿಚ್ಚಿದಳು, ಎಲೆಗೆ ಸುಣ್ಣ ಹಚ್ಚಿದಳು, ಮಡಚಿದಳು, ಬಾಯಿಗಿಟ್ಟಳು. ಅಷ್ಟೂ ಹೊತ್ತು ಅಳಿಯ ಕಾದ.

"ನಾಳೆ ಹತ್ತಕ್ಕ ಬಾ" ಎಂದಳು. "ಕದ್ದು ತಗ್ಯಾಕ ಬರಬ್ಯಾಡ. ಮಂದಿ ಇದ್ದಾಗ ಬಾ. ಕದ್ದ ತಗದ್ರ ಶೆಟ್ಟ ಮರುದಿನ ಬ್ಯಾರೆ ಐದು ತಂದಿಡ್ತಾನ."

ಭಾನುವಾರ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಹತ್ತಕ್ಕೆ ಹೋಟೆಲ್ಲಿನ ಮುಂದೆ ಜಾತ್ರೆಯಂತೆ ಜನ. ಇಡ್ಲಿಗೆ ಹೆಸರು ಬರೆಸಿ ಕಾಯುವವರು ಕಾಯುವ ಹೊತ್ತಿನಲ್ಲಿ ದೇವರಿಗೆ ಕೈಮುಗಿಯುತ್ತಿದ್ದರು. ಕಾಶಪ್ಪ ಚಾಣ, ಸುತ್ತಿಗೆ ಹಿಡಿದು ಬಂದ. ಕೂಡಲೇ ನಾಲ್ಕು ಜನ ಅಡ್ಡ ಬಂದರು, ಒಬ್ಬ ಅವನ ಕೈ ಹಿಡಿದ. ಶೆಟ್ಟರು ಗಲ್ಲೆ ಬಿಟ್ಟು ಹೊರಗೆ ಬಂದು, "ಪಾಪ, ಅವನಿಗೆ ತಿಳಿಯುವುದಿಲ್ಲ, ಹೊಡೆಯಬೇಡಿ" ಎಂದು, ಹೊಡೆಯುವ ಆಲೋಚನೆ ಇಲ್ಲದವರಿಗೂ ಅದನ್ನು ನೆನಪು ಮಾಡಿಕೊಟ್ಟರು.

ಯಂಕವ್ವ ಎದ್ದು ನಿಂತಳು. ಅವಳ ಮರಾಠಿ ಹದಿಮೂರು ವರ್ಷದ ಪುಟ್ಟಿ ಹೊತ್ತು ಕಲಿತ ಮರಾಠಿ, ಅರ್ಧ ಕನ್ನಡ. ಆದರೆ ದನಿ ಹೊಲದ ಆ ತುದಿಗೆ ಕೇಳಿಸುವ ದನಿ.

"ಇವರನ್ನ ಕರೆದು ಕೂಡಿಸಿದವಳು ಯಾರು? ಶೆಟ್ರ, ನೀವೇ ಹೇಳ್ರಿ."

ಶೆಟ್ಟರು ಆ ಏಳು ತಿಂಗಳಲ್ಲಿ ಬಂದ ಗಿರಾಕಿಗೆಲ್ಲ, ಈ ಆಜಿಯ ಕೈಯಿಂದಲೇ ದೇವರು ಬಂದದ್ದು ಎಂದು ಹೇಳಿಕೊಂಡು ಬಂದಿದ್ದರು. ಅಷ್ಟು ಜನರ ಎದುರು ಇಲ್ಲ ಎನ್ನಲಾಗಲಿಲ್ಲ. "ನೀವೇ" ಎಂದರು.

"ಕೂಡಿಸಿದವಳೇ ಕಳಿಸಬೇಕು. ಇವರು ಪಾಂಡವರು. ಮನೆ ಮಾರು ಬಿಟ್ಟು ಅಡವಿ ತಿರುಗಿದವರು, ನಮ್ಮಂಗ. ನಮ್ಮ ಕಡೆ ಇವರು ಒಂದ ದಿನ ಹೊಲಕ್ಕ ಬರ್ತಾರ, ಉಂಡು ಹೋಗ್ತಾರ. ಹೆಚ್ಚಿಗಿ ಕೂಡಿಸಿದ್ರ ಅದು ಪೂಜೆ ಅಲ್ಲ, ಜೇಲು. ಏಳು ತಿಂಗಳು ಕೂಡಿಸಿದ್ದು ನನ್ನ ತಪ್ಪು. ಬಿಡ್ರಿ ಅವನ ಕೈ."

ಕೈ ಬಿಟ್ಟರು. ಮುದುಕಿ ಅರಿಶಿನ ಕುಂಕುಮ ಏರಿಸಿ, ಕರ್ಪೂರ ಬೆಳಗಿ, ಊಟಕ್ಕೆ ಬಂದ ನೆಂಟರನ್ನು ಬಾಗಿಲವರೆಗೆ ಕಳಿಸುವ ಹಾಗೆ, "ಹೋಗಿ ಬರ್ರಪ್ಪ" ಎಂದಳು. ನಾಲ್ಕಾರು ಜನ ಕಣ್ಣೊರೆಸಿಕೊಂಡರು. ಇಡ್ಲಿಗೆ ಹೆಸರು ಕೂಗಿದ ಕೂಡಲೇ ಒಳಗೆ ಹೋದರು.

ಕಾಶಪ್ಪ ಚಾಣ ಇಟ್ಟ, ಸುತ್ತಿಗೆ ಎತ್ತಿದ, ಹೊಡೆದ. ಕಿಡಿ ಹಾರಿತು, ಕಲ್ಲು ಜಗ್ಗಲಿಲ್ಲ. ಹತ್ತು ಹೊಡೆದ, ಇಪ್ಪತ್ತು ಹೊಡೆದ. ಊರಿನ ಅರ್ಧ ಕಟ್ಟಡಗಳು ಮಳೆಗಾಲಕ್ಕೊಮ್ಮೆ ಪದರು ಉದುರಿಸುತ್ತಿದ್ದವು, ಒಂದೇ ಒಂದು ಕೆಲಸ ಗಟ್ಟಿಯಾಗಿತ್ತು, ಅದನ್ನೇ ಒಡೆಯಬೇಕಾಗಿತ್ತು. ಬೆವರು ಕಣ್ಣಿಗಿಳಿದಾಗ ಅವನು ಬೈಯತೊಡಗಿದ.

"ಯಾವ ಕೆಲಸಿಲ್ಲದವ ಕೂಡಿಸ್ಯಾನೋ ಇದನ್ನ. ಒಂದ ಪಾಲು ಮರಳಿಗೆ ಒಂದ ಪಾಲು ಸಿಮೆಂಟ ಹಾಕ್ಯಾನ, ಅವನಪ್ಪನ ಕೋಟೆ ಕಟ್ಟಿದಂಗ."

"ಮೇಸ್ತ್ರಿ ಭಾಳ ಚಲೋ ಇರಬೇಕು ತಗೋ" ಎಂದಳು ಯಂಕವ್ವ, ಎಲೆ ಅಗಿಯುತ್ತ.

"ಮೇಸ್ತ್ರಿ ಅಲ್ಲ, ಕತ್ತೆ ಅದಾನ."

"ಆ ಮಾತಿಗೆ ನಾ ಏನ್ ಇಲ್ಲ ಅನ್ನಂಗಿಲ್ಲ."

ಐದನೆಯ ಕಲ್ಲು ಏಳುವಾಗ ಮಧ್ಯಾಹ್ನ ಎರಡು ಗಂಟೆ. ಅವನ ಅಂಗೈ ಎರಡೂ ಬೊಬ್ಬೆ ಎದ್ದಿದ್ದವು. ದೇವರಿಲ್ಲದ ಚಪ್ಪರವನ್ನು ಶೆಟ್ಟರ ಹುಡುಗರೇ ಬಿಚ್ಚಿದರು. ನೆರಳು ಹೋದ ಮೇಲೆ ಗಿರಾಕಿಗಳು ಸೀಟು ಸುಡುತ್ತದೆಂದು ಗಾಡಿಗಳನ್ನು ತಾವಾಗಿಯೇ ಹೋಟೆಲ್ಲಿನ ಹಿಂದಿನ ಮರದಡಿಗೆ ಒಯ್ದರು. ಗಾಳಿ, ಪರಿಸರ, ಮುಂದಿನ ಪೀಳಿಗೆ ಎಂದು ಎರಡು ವರ್ಷ ಮೈಕಿನಲ್ಲಿ ಹೇಳಿದ್ದಕ್ಕೆ ಅಲುಗದವರನ್ನು ಬಿಸಿಸೀಟು ಅರ್ಧ ಗಂಟೆಯಲ್ಲಿ ಅಲುಗಿಸಿತು. ಕಾಶಪ್ಪ ಗುಂಡಿ ತುಂಬಿದ, ನಾಲ್ಕು ಬಿಲ್ಲೆ ಕೂಡಿಸಿದ, ಐದು ಕಲ್ಲನ್ನು ಪುಟ್ಟಿಯಲ್ಲಿ ಹೊತ್ತು ಗುಡ್ಡ ಹತ್ತಿದ. ಯಂಕವ್ವ ಹಿಂದೆ ಹಿಂದೆ ಬಂದಳು. ದಾರಿಯುದ್ದಕ್ಕೂ ಅವಳನ್ನು ಯಾರೂ ಆಜಿ ಎನ್ನಲಿಲ್ಲ.

ಸೋಮವಾರ ಆರು ಗಂಟೆಗೆ ದುರ್ಗಾ ಸೈಕಲ್ ಹೊರಗೆ ತೆಗೆದಳು. ಅನುಸೂಯಾ ಸೆರಗು ಬಿಗಿದು ನಿಂತಿದ್ದಳು. ಮೊದಲ ದಿನ ತಾನೇ ಜೊತೆಗೆ ನಡೆದು ಪೂರ್ತಿ ನೋಡುತ್ತೇನೆ, ನೋಡಿದ ಮೇಲೆ ನಾಳೆಯ ಮಾತು ಎಂದಳು. ಕಾಶಪ್ಪ ಇಪ್ಪತ್ತು ಹೆಜ್ಜೆ ಹಿಂದೆ ಬಂದ. ಅವನ ನಾನೂರು ಹೆಜ್ಜೆಯ ಮೇಲೆ ದುರ್ಗಾ ಒಮ್ಮೆಯೂ ನೆಲಕ್ಕೆ ಕಾಲೂರದೆ, ಬೇವಿನ ಮರವನ್ನು ಬಳಸಿ, ಶೆಟ್ಟರ ಗೇಟು ದಾಟಿ ಹೋದಳು. ಅನುಸೂಯಾ ಓಡುನಡಿಗೆಯಲ್ಲಿ ಏದುಸಿರು ಬಿಡುತ್ತ ಹಿಂದೆ ಬಂದಳು.

ಅಲ್ಲಿಂದ ಮುಂದೆ ಬೇರೆಯವರು ಹಾಸಿದ ದಾರಿ, ನಕ್ಷೆಯ ದಾರಿ. ಒಂದು ಕಂಬ ಬಂತು, ದುರ್ಗಾ ಇಳಿದು, ತಳ್ಳಿ, ಹತ್ತಿದಳು. ತರಕಾರಿ ಗಾಡಿ ಬಂತು, ಇಳಿದಳು. ಬಸ್ ನಿಲ್ದಾಣ ಬಂತು, ಇಳಿದಳು. ಮುಚ್ಚಳವಿಲ್ಲದ ಚರಂಡಿಯ ಗುಂಡಿ ಬಂತು. ಮರಳಿನ ರಾಶಿ ಬಂತು. ಒಂದು ಕಡೆ ಸೈಕಲ್ ದಾರಿ ಎಂದು ಬರೆದ ಬೋರ್ಡೇ ಸೈಕಲ್ ದಾರಿಯ ನಡುವೆ ನೆಟ್ಟಿತ್ತು, ಅದಕ್ಕೂ ಇಳಿದಳು. ಆದರೆ ಒಮ್ಮೆಯೂ ದೊಡ್ಡ ರಸ್ತೆಗೆ ಇಳಿಯಬೇಕಾಗಲಿಲ್ಲ. ದಾರಿಯೊಳಗೇ ಹೇಗೋ ತಳ್ಳಿಕೊಂಡು ದಾಟುವಷ್ಟು ಜಾಗ ಎಲ್ಲ ಕಡೆ ಇತ್ತು.

ಕಾಲೇಜಿನ ಗೇಟಿನೊಳಗೆ ಸೈಕಲ್ ಹೋಯಿತು. ಗಂಡಹೆಂಡತಿ ಹೊರಗೆ ನಿಂತರು. ಕಾಶಪ್ಪ ಬೊಬ್ಬೆಯ ಅಂಗೈ ನೋಡಿಕೊಳ್ಳುತ್ತ, ಅವಳು ಏನು ಹೇಳುತ್ತಾಳೋ ಎಂದು ಕಾದ. ಅನುಸೂಯಾ ಮುಖದ ಬೆವರು ಒರೆಸಿ, ಬಂದ ದಾರಿಯತ್ತ ಒಮ್ಮೆ ತಿರುಗಿ ನೋಡಿದಳು.

"ಆರ ಸಲ ಇಳದಾಳ" ಎಂದಳು. "ಇದಕ್ಕ ಇಪ್ಪತ್ತ ಮಂದಿ ಸಾಹೇಬರು ಬೇಕಾಗಿತ್ತೇನು?"

"ಹದಿಮೂರು."

"ಎಷ್ಟರ ಇರಲಿ. ನಾಳೆ ಹತ್ತ ನಿಮಿಷ ಮೊದಲ ಎಬ್ಬಸು ಆಕೀನ."